ಕಣಿವೆಗೆ ಒಬ್ಬರೇ ಹೊರಟಿರಾ? ಹೇಳಿ ಹೊರಡಿ!

‘ಒಬ್ಬಳೇನಾ? ಜೊತೆಗೆ ಯಾರೂ ಇಲ್ವಾ?’

ಮೂರು ದಿನ ರಜೆ ಸಿಕ್ಕಿದೆ, ಬಾಡಿಗೆ ಕಾರು ತಗೊಂಡು ಗ್ರ್ಯಾಂಡ್ ಕ್ಯಾನಿಯನ್ ನೋಡ್ಕೊಂಡು ಬರ್ತೀನಿ ಎಂದು ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ ಹೇಳಿದರೆ, ಶಿವಮೊಗ್ಗದಲ್ಲೋ ಹಾಸನದಲ್ಲೋ ಇರುವ ಅಮ್ಮನ ಬಾಯಿಂದ ಬರುವ ಮೊದಲ ಮಾತು ಇದೇ. ಅತ್ತೆಯಾದರೆ ಸೊಸೆಯನ್ನು ಕೇಳುವುದಿಲ್ಲ, ನೇರ ಮಗನಿಗೇ ಫೋನ್ ಮಾಡುತ್ತಾರೆ! ಹಾಗಾಗಿ ನಮ್ಮ ಹೆಣ್ಣುಮಕ್ಕಳು ಸುಲಭದ ಉಪಾಯವೊಂದನ್ನು ಕಂಡುಕೊಂಡಿದ್ದಾರೆ. ‘ಫ್ರೆಂಡ್ಸ್ ಜೊತೆ ಹೋಗ್ತಿದೀನಮ್ಮಾ, ನಾಲ್ಕು ಜನ ಇದೀವಿ.’ ಅಲ್ಲಿಗೆ ಎಲ್ಲರಿಗೂ ನೆಮ್ಮದಿ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಇಂಥ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ ಬಿಡಿ. ಆದರೆ ಅರಿಜೋನಾ, ಯೂಟಾದ ಮರುಭೂಮಿ ಕಣಿವೆಗಳಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ನಾಲ್ಕು ಜನರ ಜೊತೆ ಹೋಗಿದ್ದಾಳೆ ಎಂದು ನಂಬಿದವರು, ಸಂಜೆ ನಿಮ್ಮ ಫೋನ್ ಬರದಿದ್ದರೆ ‘ಸಿಗ್ನಲ್ ಇಲ್ಲವೇನೋ’ ಎಂದುಕೊಂಡು ಮಲಗುತ್ತಾರೆ. ನೀವು ಕಾಲು ಉಳುಕಿಸಿಕೊಂಡು ಬಂಡೆಯ ಮೇಲೆ ಕೂತಿರುತ್ತೀರಿ. ನಿಮ್ಮನ್ನು ಹುಡುಕಬೇಕು ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ.

ಹೋಗಬೇಡಿ ಎಂದು ಹೆದರಿಸುವ ಲೇಖನ ಇದಲ್ಲ. ಧಾರಾಳವಾಗಿ ಹೋಗಿ! ಪ್ರಾಜೆಕ್ಟ್ ಮೇಲೆ ಹೋದವರು, ಅಲ್ಲಿ ಓದುತ್ತಿರುವವರು, ಗಂಡನ ವೀಸಾದ ಮೇಲೆ ಹೋಗಿ ಮನೆಯಲ್ಲೇ ಕೂತು ಬೇಸತ್ತು ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡವರು, ಎಲ್ಲರೂ ಹೋಗಬಹುದು. ದಿನವಿಡೀ ಯಾರಿಗೂ ಕಾಫಿ ಮಾಡಿಕೊಡದೆ, ಯಾರ ಪ್ರಶ್ನೆಗೂ ಉತ್ತರ ಕೊಡದೆ, ನಿಮ್ಮ ನಡಿಗೆಯ ಸದ್ದನ್ನು ನೀವೇ ಕೇಳಿಸಿಕೊಳ್ಳುವ ಸುಖವನ್ನು ಹೇಳಿ ತಿಳಿಸುವುದು ಕಷ್ಟ. ಆದರೆ ಗುಟ್ಟಾಗಿ ಹೋಗಬೇಡಿ.

ಎಣಿಸುವವರು ಯಾರೂ ಇಲ್ಲ

ಗ್ರ್ಯಾಂಡ್ ಕ್ಯಾನಿಯನ್ 1919ರಿಂದ ರಾಷ್ಟ್ರೀಯ ಉದ್ಯಾನ. 446 ಕಿಲೋಮೀಟರ್ ಉದ್ದ, ಸುಮಾರು 1.6 ಕಿಲೋಮೀಟರ್ ಆಳ. ಗೇಟಿನಲ್ಲಿ ಟಿಕೆಟ್ ಕೊಡುತ್ತಾರೆ, ರೇಂಜರುಗಳಿದ್ದಾರೆ, ಬಸ್ಸುಗಳು ಓಡಾಡುತ್ತವೆ. ಇಷ್ಟೆಲ್ಲ ಇದ್ದ ಮೇಲೆ ‘ಯಾರಾದ್ರೂ ನೋಡ್ಕೊಳ್ತಾರೆ’ ಎಂದುಕೊಳ್ಳುವುದು ಸಹಜ. ವಾಸ್ತವ ಬೇರೆ. ಕಣಿವೆಯಲ್ಲಿ ರಾತ್ರಿ ಟೆಂಟ್ ಹಾಕಿ ತಂಗುವವರಿಗೆ ಪರ್ಮಿಟ್ ಬೇಕು. ಬೆಳಿಗ್ಗೆ ಇಳಿದು ಅದೇ ದಿನ ಹತ್ತಿ ಬರುವವರಿಗೆ ಬೇಡ. ಹೆಸರು ಬರೆಸುವ ಪುಸ್ತಕವಿಲ್ಲ, ಸಂಜೆ ತಲೆ ಎಣಿಸುವವರಿಲ್ಲ. ನೀವು ಇಳಿದದ್ದು ಯಾರಿಗೂ ಗೊತ್ತಿಲ್ಲ, ಹತ್ತದೇ ಇದ್ದದ್ದೂ ಗೊತ್ತಾಗುವುದಿಲ್ಲ.

ಆರನ್ ರಾಲ್‌ಸ್ಟನ್ ಹೆಸರು ಕೇಳಿರಬಹುದು. ಡ್ಯಾನಿ ಬಾಯ್ಲ್ 2010ರಲ್ಲಿ ‘127 ಅವರ್ಸ್’ ಎಂಬ ಸಿನಿಮಾ ಮಾಡಿದ್ದು ಆತನ ಮೇಲೆಯೇ. ಸಂಗೀತ ನಮ್ಮ ಎ.ಆರ್. ರೆಹಮಾನ್ ಅವರದು. 2003ರ ಏಪ್ರಿಲ್‌ನಲ್ಲಿ 27 ವರ್ಷದ ಈ ಯುವಕ ಯೂಟಾದ ಬ್ಲೂಜಾನ್ ಕ್ಯಾನಿಯನ್ ಎಂಬ ಇಕ್ಕಟ್ಟಾದ ಕಣಿವೆಗೆ ಒಬ್ಬನೇ ಇಳಿದ. ಜಾರಿದ ಬಂಡೆಯೊಂದು ಅವನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಪಳಗಿದ ಚಾರಣಿಗ, ಗಟ್ಟಿಮುಟ್ಟಾದ ಆಳು. ಮಾಡದೇ ಇದ್ದ ಕೆಲಸ ಒಂದೇ: ಎಲ್ಲಿಗೆ ಹೋಗುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಐದು ದಿನ ಹಾಗೇ ಸಿಕ್ಕಿಕೊಂಡಿದ್ದು ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಕೆಲಸಕ್ಕೆ ಬಾರದ್ದು ಕಂಡು ಸ್ನೇಹಿತರು ಗಾಬರಿಯಾಗಿ ಅವನ ಅಮ್ಮನಿಗೆ ತಿಳಿಸಿದ ಮೇಲಷ್ಟೇ ಹುಡುಕಾಟ ಶುರುವಾಗಿತ್ತು. ಸಿನಿಮಾ ನೋಡಿದವರಿಗೆ ಕೈ ಕತ್ತರಿಸಿಕೊಂಡ ದೃಶ್ಯ ನೆನಪಿರುತ್ತದೆ. ನನಗೆ ಮಾತ್ರ ಒಂದು ಚೀಟಿ ಬರೆದಿಟ್ಟು ಹೋಗಿದ್ದರೆ ಎಷ್ಟು ಬೇಗ ಬಿಡುಗಡೆಯಾಗುತ್ತಿತ್ತು ಎಂಬ ಯೋಚನೆಯೇ ಕಾಡುತ್ತದೆ.

ಜೊತೆಗೊಬ್ಬರಿದ್ದರೆ ಸಾಕಲ್ಲ ಎನ್ನುವವರು ಇದನ್ನೂ ಕೇಳಿ. 2004ರ ಜುಲೈನಲ್ಲಿ 24 ವರ್ಷದ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳು ಗ್ರ್ಯಾಂಡ್ ಕ್ಯಾನಿಯನ್ನಿನೊಳಗೆ ಬಾಯಾರಿಕೆ, ಬಿಸಿಲಿನಿಂದ ತೀರಿಕೊಂಡಳು. ಅದೇ ವರ್ಷ ಬೋಸ್ಟನ್ ಮ್ಯಾರಥಾನ್ ಓಡಿದ್ದ ಹುಡುಗಿ ಆಕೆ! ಸ್ನೇಹಿತನೊಬ್ಬ ಜೊತೆಗಿದ್ದ. ಅವನು ಸುಸ್ತಾಗಿ ನಿಂತ, ಆಕೆ ಮುಂದೆ ಹೋದಳು. ಅವನು ಮೇಲೆ ಬಂದ ಮೇಲೂ ಆಕೆ ಹೇಗೋ ಹೊರಬಿದ್ದಿರಬೇಕು ಎಂದೇ ಭಾವಿಸಿದ್ದ. ಇಬ್ಬರು ಹೋದರೂ ಹುಡುಕುವವರಿಲ್ಲದ ಸ್ಥಿತಿ ಬರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಯಾರಿಗೆ, ಏನು ಹೇಳಬೇಕು?

ಮೊದಲಿಗೆ, ಅಮೆರಿಕದಲ್ಲೇ ಇರುವ ಒಬ್ಬರನ್ನು ಆರಿಸಿಕೊಳ್ಳಿ. ಆಫೀಸಿನ ಗೆಳತಿ, ರೂಂಮೇಟ್, ಪಕ್ಕದ ಮನೆಯ ಕನ್ನಡದ ಆಂಟಿ, ಯಾರಾದರೂ ಆಗಬಹುದು. ಯಾಕೆ ಅಲ್ಲೇ ಇರುವವರು ಅಂತೀರಾ? ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಇಲ್ಲಿಂದ ಕರೆ ಹೋಗುವುದಿಲ್ಲ. ಶಿವಮೊಗ್ಗದ ಅಮ್ಮ ರಾತ್ರಿಯಿಡೀ ಅತ್ತರೂ ಯಾರನ್ನು ಕೇಳಬೇಕೆಂದೇ ಅವರಿಗೆ ತಿಳಿಯುವುದಿಲ್ಲ. ಅಲ್ಲಿರುವ ಆ ಒಬ್ಬರಿಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕಳಿಸಿ. ‘ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗ್ತಿದೀನಿ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಅದು ‘ಮಲೆನಾಡಿಗೆ ಹೋಗ್ತಿದೀನಿ’ ಅಂದ ಹಾಗಾಯಿತು. ಯಾವ ಹಾದಿ, ಅದರಲ್ಲಿ ಎಲ್ಲಿಯವರೆಗೆ, ಎಷ್ಟು ಗಂಟೆಗೆ ಇಳಿಯುತ್ತೀರಿ, ಎಷ್ಟು ಗಂಟೆಗೆ ಮೇಲೆ ಬರುತ್ತೀರಿ, ಕಾರಿನ ನಂಬರ್, ಬಣ್ಣ, ಎಲ್ಲಿ ನಿಲ್ಲಿಸಿದ್ದೀರಿ, ಏನು ಬಣ್ಣದ ಬಟ್ಟೆ ಹಾಕಿದ್ದೀರಿ, ಇವೆಲ್ಲ ಇರಲಿ. ಉದ್ಯಾನದ ತುರ್ತು ಫೋನ್ ನಂಬರನ್ನೂ ಅವರ ವೆಬ್‌ಸೈಟ್ ನೋಡಿ ಅದರಲ್ಲೇ ಬರೆಯಿರಿ.

ಇನ್ನು ಕೊನೆಯ ಸಾಲು ಬಹಳ ಮುಖ್ಯ: ‘ಇಷ್ಟು ಗಂಟೆಯೊಳಗೆ ನನ್ನಿಂದ ಸುದ್ದಿ ಬರದಿದ್ದರೆ ಈ ನಂಬರಿಗೆ ಫೋನ್ ಮಾಡು, ಸಂಕೋಚ ಬೇಡ.’ ಈ ಗಡುವು ಇಲ್ಲದೇ ಹೋದರೆ ನಿಮ್ಮ ಗೆಳತಿ ‘ಈಗ ಫೋನ್ ಮಾಡಿದ್ರೆ ಗಾಬರಿಪಟ್ಟ ಹಾಗೆ ಆಗುತ್ತೇನೋ’ ಎಂದು ಹಿಂದೆಮುಂದೆ ನೋಡುತ್ತಲೇ ಕಾಲ ಕಳೆಯುತ್ತಾಳೆ. ನೀವೂ ಅಷ್ಟೇ, ಮೇಲೆ ಬಂದ ಕೂಡಲೇ ಸುದ್ದಿ ಕೊಡಬೇಕು. ಸ್ನಾನ, ಊಟ ಎಲ್ಲ ಆಮೇಲೆ.

ಇಲ್ಲಿ ಗಡಿಯಾರದ ಒಂದು ತಮಾಷೆ ಇದೆ. ಬೇಸಿಗೆಯಲ್ಲಿ ಅಮೆರಿಕದ ಹೆಚ್ಚಿನ ರಾಜ್ಯಗಳು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಅರಿಜೋನಾ ಇಡುವುದಿಲ್ಲ. ಪಕ್ಕದ ಯೂಟಾ ಇಡುತ್ತದೆ. ಅರಿಜೋನಾದ ಒಳಗೇ ಇರುವ ನವಾಹೋ ಬುಡಕಟ್ಟಿನವರ ಸೀಮೆಯೂ ಇಡುತ್ತದೆ! ಒಂದೇ ಮಧ್ಯಾಹ್ನದ ಡ್ರೈವಿನಲ್ಲಿ ಫೋನಿನ ಗಂಟೆ ಹಿಂದೆಮುಂದೆ ಆಗುತ್ತಿರುತ್ತದೆ. ಆದ್ದರಿಂದ ಗಡುವು ಬರೆಯುವಾಗ ‘ಅರಿಜೋನಾ ಸಮಯ’ ಎಂದೇ ಬರೆಯಿರಿ.

ಅಮ್ಮನಿಗೆ? ಅಮ್ಮನಿಗೂ ನಿಜವನ್ನೇ ಹೇಳಿ. ಅರಿಜೋನಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನೀವು ಬೆಳಿಗ್ಗೆ ಆರಕ್ಕೆ ಇಳಿಯಲು ಶುರು ಮಾಡಿದರೆ ಅಮ್ಮನಿಗೆ ಸಂಜೆ ಆರೂವರೆ, ದೇವರಿಗೆ ದೀಪ ಹಚ್ಚುವ ಹೊತ್ತು. ಒಂಬತ್ತೂವರೆಗೆ ಮೇಲೆ ಬಂದರೆ ಅವರಿಗೆ ರಾತ್ರಿ ಹತ್ತು. ಮಲಗುವ ಮೊದಲು ನಿಮ್ಮ ದನಿ ಕೇಳಬಹುದು. ಒಂದು ಸಂಜೆಯ ಆತಂಕ ಅವರಿಗೆ ಇದ್ದೇ ಇರುತ್ತದೆ, ಇಲ್ಲವೆನ್ನುವುದಿಲ್ಲ. ಮೊದಲ ಸಲ ಬೈಯುತ್ತಾರೆ. ಎರಡನೇ ಸಲಕ್ಕೆ ‘ನೀರು ತಗೊಂಡ್ಯಾ?’ ಎಂದು ಕೇಳುತ್ತಾರೆ ನೋಡಿ.

ಸುಳ್ಳು ಹೇಳುವುದೇ ಇದ್ದರೆ ಅಪರಿಚಿತರಿಗೆ ಹೇಳಿ. ಹಾದಿಯಲ್ಲಿ ಯಾರಾದರೂ ‘ಒಬ್ಬರೇ ಬಂದಿರಾ?’ ಎಂದು ಕೇಳಿದರೆ, ‘ಇಲ್ಲ, ನಮ್ಮವರು ಹಿಂದೆ ಬರ್ತಿದಾರೆ’ ಎಂದು ನಕ್ಕು ಮುಂದೆ ನಡೆಯಿರಿ. ಕೇಳಿದವರು ಒಳ್ಳೆಯವರೇ ಇರಬಹುದು, ಅವರಿಗೇನೂ ನಷ್ಟವಿಲ್ಲ. ಫೋಟೋಗಳನ್ನು ಫೇಸ್‌ಬುಕ್‌ಗೆ ಹಾಕುವುದು ಆ ಊರು ಬಿಟ್ಟ ಮೇಲೆ.

ಕಾರಿನಲ್ಲಿ

ಫೀನಿಕ್ಸ್‌ನಿಂದ ಕಣಿವೆಯ ದಕ್ಷಿಣದ ಅಂಚು ಸೌತ್ ರಿಮ್‌ಗೆ ಸುಮಾರು 370 ಕಿಲೋಮೀಟರ್, ಮೂರೂವರೆ ಗಂಟೆಯ ದಾರಿ. ಲಾಸ್ ವೇಗಸ್‌ನಿಂದ ಸುಮಾರು 450 ಕಿಲೋಮೀಟರ್, ನಾಲ್ಕೂವರೆ ಗಂಟೆ. ಮೊದಲ ಸಲ ಹೋಗುವವರಿಗೆ ಫೀನಿಕ್ಸ್, ಫ್ಲ್ಯಾಗ್‌ಸ್ಟಾಫ್ ಮಾರ್ಗವೇ ವಾಸಿ. ದಾರಿಯಲ್ಲಿ ಊರುಗಳು ಸಿಗುತ್ತವೆ.

ರಸ್ತೆಗಳು ಚೆನ್ನಾಗಿವೆ, ಅದೇ ಅಪಾಯ! ಗಂಟೆಗಟ್ಟಲೆ ನೇರ ದಾರಿ, ಎದುರಿಗೆ ವಾಹನವಿಲ್ಲ, ಕಣ್ಣು ತೂಗುತ್ತದೆ. ಎರಡು ಗಂಟೆಗೊಮ್ಮೆ ಇಳಿದು ಕಾಲಾಡಿಸಿ. ಪೆಟ್ರೋಲ್ ಅರ್ಧ ಟ್ಯಾಂಕಿಗೆ ಬಂದ ಕೂಡಲೇ ತುಂಬಿಸಿ, ಮುಂದಿನ ಬಂಕ್‌ಗೆ ಕಾಯಬೇಡಿ. ಯೂಟಾದಲ್ಲಿ ಗ್ರೀನ್ ರಿವರ್ ಮತ್ತು ಸಲೈನಾ ಊರುಗಳ ನಡುವೆ ಹೆದ್ದಾರಿಯಲ್ಲಿ ಸುಮಾರು 170 ಕಿಲೋಮೀಟರ್ ದೂರ ಒಂದು ಬಂಕ್ ಇಲ್ಲ, ಒಂದು ಟೀ ಅಂಗಡಿ ಇಲ್ಲ. ಸೌತ್ ರಿಮ್‌ನ ಗ್ರ್ಯಾಂಡ್ ಕ್ಯಾನಿಯನ್ ವಿಲೇಜ್‌ನಲ್ಲೂ ಬಂಕ್ ಇಲ್ಲ. ಗೇಟಿಗೆ ಮುಂಚೆ ಟೂಸಯಾನ್ ಎಂಬ ಪುಟ್ಟ ಊರಿನಲ್ಲಿ ಹಾಕಿಸಿಕೊಳ್ಳಬೇಕು. ಪಂಪ್ ನಿಮ್ಮ ಕಾರ್ಡಿಗೆ ಅಲ್ಲಿನ ಪಿನ್‌ಕೋಡ್ ಕೇಳಿ ಸತಾಯಿಸಿದರೆ, ಒಳಗೆ ಹೋಗಿ ಮೊದಲೇ ಹಣ ಕೊಟ್ಟು ಬನ್ನಿ.

ನಕ್ಷೆಯನ್ನು ಹಿಂದಿನ ದಿನವೇ ಫೋನಿಗೆ ಇಳಿಸಿಟ್ಟುಕೊಳ್ಳಿ, ಸಿಗ್ನಲ್ ಹೋದ ಮೇಲೂ ಅದು ಕೆಲಸ ಮಾಡುತ್ತದೆ. ಆದರೆ ಆ ನಕ್ಷೆ ‘ಇಲ್ಲಿ ತಿರುಗಿದರೆ ಇಪ್ಪತ್ತು ನಿಮಿಷ ಉಳಿಯುತ್ತೆ’ ಎಂದು ಮಣ್ಣುರಸ್ತೆ ತೋರಿಸಿದರೆ ಮಾತ್ರ ಕೇಳಬೇಡಿ. ಬಾಡಿಗೆ ಕಾರಿನ ಕರಾರಿನಲ್ಲಿ ಸಾಮಾನ್ಯವಾಗಿ ಮಣ್ಣುರಸ್ತೆಗೆ ಅವಕಾಶ ಇರುವುದಿಲ್ಲ, ಮಳೆ ಬಂದರೆ ಅಲ್ಲಿನ ಜೇಡಿಮಣ್ಣು ಹಿಟ್ಟಿನ ಮುದ್ದೆಯ ಹಾಗೆ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಕಾರು ಕೆಟ್ಟು ನಿಂತರೆ ಅದನ್ನು ಬಿಟ್ಟು ನಡೆದು ಹೊರಡಬೇಡಿ. ಬಾನೆಟ್ ಎತ್ತಿಟ್ಟು ಕಾರಿನ ನೆರಳಿನಲ್ಲೇ ಕಾಯಿರಿ. ದೂರದಿಂದ ಕಾರು ಕಾಣುವ ಹಾಗೆ ನಡೆಯುವ ಮನುಷ್ಯರು ಕಾಣುವುದಿಲ್ಲ. ಡಿಕ್ಕಿಯಲ್ಲಿ ನಾಲ್ಕೈದು ಲೀಟರ್ ನೀರು ಯಾವಾಗಲೂ ಇರಲಿ.

ಪೊಲೀಸರು ಹಿಂದಿನಿಂದ ದೀಪ ಮಿನುಗಿಸಿದರೆ ಬಲಕ್ಕೆ ನಿಲ್ಲಿಸಿ ಕಾರಿನೊಳಗೇ ಕೂತಿರಿ, ಕೈಗಳು ಸ್ಟಿಯರಿಂಗ್ ಮೇಲಿರಲಿ. ನಮ್ಮೂರಿನ ಹಾಗೆ ಇಳಿದು ಹತ್ತಿರ ಹೋಗಿ ‘ಸಾರ್’ ಎನ್ನಬಾರದು.

ಪ್ರವೇಶ ಶುಲ್ಕ ಅಲ್ಲಿನ ನಿವಾಸಿಗಳಿಗೆ ಕಾರೊಂದಕ್ಕೆ 35 ಡಾಲರ್, ಏಳು ದಿನ ನಡೆಯುತ್ತದೆ. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದವರು ಗ್ರ್ಯಾಂಡ್ ಕ್ಯಾನಿಯನ್ ಸೇರಿದಂತೆ ದೊಡ್ಡ ಉದ್ಯಾನಗಳಲ್ಲಿ ತಲಾ 100 ಡಾಲರ್ ಹೆಚ್ಚು ಕೊಡಬೇಕು. ಅಲ್ಲೇ ವಾಸವಾಗಿರುವವರು ಅಲ್ಲಿನ ಗುರುತಿನ ಚೀಟಿ ಮರೆಯದೆ ಒಯ್ಯಿರಿ. ಮಗಳ ಬಾಣಂತನಕ್ಕೆಂದು ಹೋದ ಅಮ್ಮಂದಿರು ಈ ಲೆಕ್ಕ ಹಾಕಿಕೊಂಡೇ ಹೊರಡಿ.

ತಲೆಕೆಳಗಾದ ಬೆಟ್ಟ

ನಮಗೆ ಬೆಟ್ಟ ಹತ್ತಿ ಗೊತ್ತು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು, ಶಿವಗಂಗೆಗೆ ಹೋದವರು ನಮ್ಮಲ್ಲಿ ಎಷ್ಟೋ ಜನ. ಅಲ್ಲಿ ಕಷ್ಟ ಮೊದಲು, ಸುಖ ಆಮೇಲೆ. ಏದುಸಿರು ಬಂದರೆ ಅರ್ಧಕ್ಕೇ ತಿರುಗಿಬಿಡಬಹುದು, ಇಳಿಯುವುದು ಹೇಗೂ ಹಗುರ. ಕಣಿವೆಯಲ್ಲಿ ಇದು ಪೂರ್ತಿ ಉಲ್ಟಾ. ಬೆಳಗಿನ ತಂಪಿನಲ್ಲಿ, ತಾಜಾ ಕಾಲಿನಲ್ಲಿ ಸುಖವಾಗಿ ಇಳಿಯುತ್ತಾ ಹೋಗುತ್ತೀರಿ. ‘ಏನೂ ಕಷ್ಟ ಇಲ್ವಲ್ಲ, ಇನ್ನೊಂದು ಸ್ವಲ್ಪ’ ಎನ್ನಿಸುತ್ತದೆ. ಇಳಿದಷ್ಟೂ ಬಿಸಿ ಹೆಚ್ಚು. ಅಂಚಿಗಿಂತ ತಳದಲ್ಲಿ ಹತ್ತು ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಜಾಸ್ತಿ. ಬೇಸಿಗೆಯಲ್ಲಿ ಕೊಲರಾಡೋ ನದಿಯ ಹತ್ತಿರ 40 ಡಿಗ್ರಿ ದಾಟುವುದು ಮಾಮೂಲು. ಕಾಲು ಸೋತು, ಬಿಸಿಲು ನೆತ್ತಿಗೆ ಬಂದು, ಬಾಟಲಿ ಅರ್ಧವಾದಾಗ ಏರು ಶುರುವಾಗುತ್ತದೆ.

ಹಾಗಾಗಿ ಒಂದೇ ದಿನದಲ್ಲಿ ನದಿಯವರೆಗೆ ಹೋಗಿ ಬರುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ. ಉದ್ಯಾನದವರೇ ಇದನ್ನು ಬೇಡವೆನ್ನುತ್ತಾರೆ.

ಮೊದಲ ಸಲಕ್ಕೆ ಸೌತ್ ಕೈಬ್ಯಾಬ್ ಹಾದಿಯಲ್ಲಿ ಸೀಡರ್ ರಿಜ್‌ವರೆಗೆ ಹೋಗಿ ಬರುವುದು ಹೇಳಿ ಮಾಡಿಸಿದ ಹಾಗಿದೆ. ಹೋಗಿ ಬರಲು ಒಟ್ಟು 4.8 ಕಿಲೋಮೀಟರ್, ಇಳಿತ ಸುಮಾರು 340 ಮೀಟರ್. ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಹಾದಿ ಬಾಯಿಗೆ ಸ್ವಂತ ಕಾರು ಬಿಡುವುದಿಲ್ಲ. ವಿಸಿಟರ್ ಸೆಂಟರ್ ಬಳಿ ಕಾರು ನಿಲ್ಲಿಸಿ ಉದ್ಯಾನದ ಉಚಿತ ಬಸ್ಸಿನಲ್ಲಿ ಹೋಗಬೇಕು. ಚಾರಣಿಗರಿಗೆಂದೇ ನಸುಕಿನ ಬಸ್ಸೂ ಇದೆ. ಇಳಿಯಲು ಶುರು ಮಾಡಿದ ಒಂದೂವರೆ ಕಿಲೋಮೀಟರಿಗೆ ‘ಊ ಆ ಪಾಯಿಂಟ್’ ಸಿಗುತ್ತದೆ. ಹೆಸರು ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಅದೇ ಬೋರ್ಡ್ ಇದೆ! ಅಲ್ಲಿ ನಿಂತರೆ ಎಲ್ಲರ ಬಾಯಲ್ಲೂ ಬರುವುದು ಅದೇ ಉದ್ಗಾರ. ಉಸಿರು ಕಟ್ಟಿದ ಹಾಗಾದರೆ ಅಲ್ಲಿಂದಲೇ ಹಿಂದಿರುಗಿ. ಹಾದಿ ಶುರುವಾಗುವ ಜಾಗವೇ 2,200 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಏದುಸಿರು ಬಂದರೆ ನಾಚಿಕೆಯೇನಿಲ್ಲ.

ಕಲ್ಲುಗಳ ಕಥೆಯೇ ಬೇರೆ. ಮೇಲಿನ ಪದರಕ್ಕೆ ಸುಮಾರು 27 ಕೋಟಿ ವರ್ಷ. ತಳದ ಕಪ್ಪು ಶಿಲೆಗೆ 170 ಕೋಟಿ ವರ್ಷಕ್ಕೂ ಮೀರಿದ ವಯಸ್ಸು, ಅದರ ಹೆಸರು ‘ವಿಷ್ಣು’. 19ನೇ ಶತಮಾನದಲ್ಲಿ ಕಣಿವೆಯ ಅಳತೆಗೆ ಬಂದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್‌ಗೆ ಆ ಶಿಖರಗಳು ಪೂರ್ವದೇಶದ ದೇವಾಲಯಗಳ ಹಾಗೆ ಕಂಡವಂತೆ. ಹಾಗಾಗಿ ವಿಷ್ಣು ಟೆಂಪಲ್, ಶಿವ ಟೆಂಪಲ್ ಎಂಬ ಹೆಸರು ಬಂದವು. ಬ್ರಹ್ಮ ಟೆಂಪಲ್ಲೂ ಇದೆ, ಸೀಡರ್ ರಿಜ್ ಹಾದಿಯಲ್ಲಿ ಎದುರಿಗೇ ಕಾಣುತ್ತದೆ. ಗುಡಿ ಹುಡುಕಬೇಡಿ ಮತ್ತೆ, ಬರೀ ಬಂಡೆ!

ನೆನಪಿಡಬೇಕಾದ ಲೆಕ್ಕ ಇಷ್ಟೇ. ಇಳಿಯಲು ಎಷ್ಟು ಹೊತ್ತೋ ಹತ್ತಲು ಅದರ ಎರಡರಷ್ಟು. ನಿಮ್ಮ ಬಳಿ ಮೂರು ಗಂಟೆ ಇದ್ದರೆ ಒಂದು ಗಂಟೆ ಇಳಿದು ಎಲ್ಲಿದ್ದೀರೋ ಅಲ್ಲೇ ತಿರುಗಬೇಕು. ಸೀಡರ್ ರಿಜ್ ಕಣ್ಣಿಗೆ ಕಾಣುತ್ತಿದ್ದರೂ ತಿರುಗಬೇಕು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಗುಂಪಿನಲ್ಲಿದ್ದರೆ ‘ಸಾಕು ಕಣೇ, ವಾಪಸ್ ಹೋಗೋಣ’ ಎನ್ನಲು ಯಾರೋ ಇರುತ್ತಾರೆ. ಒಬ್ಬರೇ ಇದ್ದಾಗ ಆ ಮಾತನ್ನು ಅಲಾರಂ ಹೇಳಬೇಕು. ಬೇಸಿಗೆಯಾದರೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಣಿವೆಯೊಳಗೆ ನಡೆಯಲೇಬಾರದು ಎನ್ನುತ್ತಾರೆ ರೇಂಜರುಗಳು. ನನ್ನನ್ನು ಕೇಳಿದರೆ ಜೂನ್, ಜುಲೈ, ಆಗಸ್ಟ್ ಬಿಟ್ಟು ಏಪ್ರಿಲ್, ಮೇ ಅಥವಾ ಅಕ್ಟೋಬರ್‌ನಲ್ಲಿ ಹೋಗಿ. ಚಳಿಗಾಲದಲ್ಲಿ ಹಾದಿಯ ಮೇಲ್ಭಾಗ ಮಂಜುಗಡ್ಡೆ ಕಟ್ಟಿ ಗಾಜಿನ ಹಾಗಿರುತ್ತದೆ, ಶೂಗೆ ಹಾಕುವ ಮುಳ್ಳಿನ ಪಟ್ಟಿ ಇಲ್ಲದೆ ಕಾಲಿಡಬೇಡಿ.

ಹೇಸರಗತ್ತೆಗಳ ಸಾಲು ಎದುರಾದರೆ ಪ್ರಪಾತದ ಕಡೆಗಲ್ಲ, ಗುಡ್ಡದ ಕಡೆಗೆ ಸರಿದು ಸುಮ್ಮನೆ ನಿಲ್ಲಿ. ಹೊರಡುವ ಮುಂಚೆ ಕಾಲಿನ ಉಗುರು ಕತ್ತರಿಸಿಕೊಳ್ಳಿ, ಇಲ್ಲವಾದರೆ ಇಳಿಯುವಾಗ ಶೂ ತುದಿಗೆ ಒತ್ತಿ ಕಪ್ಪಾಗುತ್ತದೆ. ಹೊಸ ಶೂ ಅಂತೂ ಬೇಡವೇ ಬೇಡ. ಅಳಿಲು ಮುದ್ದಾಗಿದೆ ಎಂದು ಚಕ್ಕುಲಿ ಚೂರು ಕೊಡಲು ಹೋಗಬೇಡಿ, ಬೆರಳು ಕಚ್ಚುವುದರಲ್ಲಿ ಅಲ್ಲಿನ ಅಳಿಲುಗಳು ಹೆಸರುವಾಸಿ.

ನೀರು, ಉಪ್ಪು ಮತ್ತು ಟಾಯ್ಲೆಟ್

ಸೌತ್ ಕೈಬ್ಯಾಬ್ ಹಾದಿಯಲ್ಲಿ ಒಂದು ಹನಿ ನೀರು ಸಿಗುವುದಿಲ್ಲ. ಮೇಲೆಯೇ ತುಂಬಿಸಿಕೊಂಡು ಇಳಿಯಬೇಕು. ಗಂಟೆಗೆ ಅರ್ಧದಿಂದ ಒಂದು ಲೀಟರ್ ಲೆಕ್ಕ, ಸೀಡರ್ ರಿಜ್‌ಗೆ ಕನಿಷ್ಠ ಎರಡರಿಂದ ಮೂರು ಲೀಟರ್. ಪಕ್ಕದ ಬ್ರೈಟ್ ಏಂಜೆಲ್ ಹಾದಿಯಲ್ಲಿ ನಲ್ಲಿಗಳಿವೆ, ಆದರೆ ನಂಬಬೇಡಿ. ಅದೇ ಹಳೆಯ ಪೈಪು ಒಡೆದು 2024ರ ಆಗಸ್ಟ್ ಕೊನೆಯಲ್ಲಿ ಸೌತ್ ರಿಮ್‌ನ ಹೋಟೆಲುಗಳಲ್ಲಿ ವಸತಿಯನ್ನೇ ನಿಲ್ಲಿಸಬೇಕಾಗಿ ಬಂದಿತ್ತು.

ಇನ್ನೊಂದು ವಿಷಯ ನಮ್ಮ ಹೆಂಗಸರಿಗೇ ಹೇಳಬೇಕು. ಬಸ್ ಪ್ರಯಾಣ ಎಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುವವರು ನಾವು. ದಾರಿಯಲ್ಲಿ ಶೌಚಾಲಯ ಸಿಗುತ್ತೋ ಇಲ್ಲವೋ, ಸಿಕ್ಕರೂ ಒಳಗೆ ಹೋಗುವ ಹಾಗಿರುತ್ತೋ ಇಲ್ಲವೋ ಎಂಬ ಭಯದಿಂದ ಬಂದ ಅಭ್ಯಾಸ. ಶಾಲೆಗೆ ಹೋಗುವಾಗಿನಿಂದ ಮೈಗೂಡಿದ್ದು, ನಮಗೆ ಗೊತ್ತಿಲ್ಲದೇ ಕೈ ಬಾಟಲಿಯಿಂದ ದೂರ ಸರಿಯುತ್ತದೆ. ಮರುಭೂಮಿಯಲ್ಲಿ ಈ ಅಭ್ಯಾಸ ಜೀವಕ್ಕೇ ಎರವು. ಗಾಳಿ ಎಷ್ಟು ಒಣ ಎಂದರೆ ಬೆವರು ಕಾಣಿಸುವುದೇ ಇಲ್ಲ, ಚರ್ಮದ ಮೇಲೆಯೇ ಆರಿಹೋಗುತ್ತದೆ. ಬೆವರಿಲ್ಲ, ಬಾಯಾರಿಲ್ಲ ಎಂದುಕೊಳ್ಳುವಾಗಲೇ ತಲೆ ಸಿಡಿಯಲು ಶುರುವಾಗುತ್ತದೆ. ಆದ್ದರಿಂದ ಧೈರ್ಯವಾಗಿ ಕುಡಿಯಿರಿ. ಹಾದಿ ಶುರುವಾಗುವಲ್ಲಿ ಶೌಚಾಲಯವಿದೆ, ಸೀಡರ್ ರಿಜ್‌ನಲ್ಲೂ ಇದೆ. ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿಯಾಗಿದ್ದರೆ ಸರಿ, ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ.

ಬರೀ ನೀರೂ ಸಾಲದು. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ. ಏನನ್ನೂ ತಿನ್ನದೆ ಲೀಟರುಗಟ್ಟಲೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಕರಿಕೆ, ತಲೆಸುತ್ತು, ಗೊಂದಲ ಶುರುವಾಗುತ್ತದೆ. ನೋಡಲು ಬಿಸಿಲಿನ ಬಳಲಿಕೆಯ ಹಾಗೇ ಇರುವುದರಿಂದ ಇನ್ನಷ್ಟು ನೀರು ಕುಡಿದು ಕೆಡಿಸಿಕೊಳ್ಳುತ್ತಾರೆ. ಇದಕ್ಕೆ ನಮ್ಮ ಡಬ್ಬಿಗಳಲ್ಲೇ ಮದ್ದಿದೆ: ಕೋಡುಬಳೆ, ಚಕ್ಕುಲಿ, ಖಾರದ ಅವಲಕ್ಕಿ, ಉಪ್ಪು ಸವರಿದ ಕಡಲೆಕಾಯಿ. ಬೆಳಗಿನ ಹೊತ್ತಿಗೆ ಪುಳಿಯೋಗರೆಯೂ ಆಗುತ್ತದೆ. ಮೊಸರನ್ನ ಬೇಡ, ಬಿಸಿಲಿಗೆ ಹುಳಿ ಬರುತ್ತದೆ. ಓಆರ್‌ಎಸ್ ಪ್ಯಾಕೆಟ್ ಎರಡು ಇರಲಿ. ಹಸಿವಿಲ್ಲದಿದ್ದರೂ ಅರ್ಧ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳಿ. (ಸಕ್ಕರೆ ಕಾಯಿಲೆ, ಬಿಪಿ ಇರುವವರು ಮೊದಲೇ ವೈದ್ಯರನ್ನು ಕೇಳಿ.)

ಮುಟ್ಟಿನ ದಿನಗಳಾದರೆ ಪ್ರವಾಸ ಮುಂದೂಡಬೇಕಿಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಚೀಲ ಮೂರ್ನಾಲ್ಕು ಇಟ್ಟುಕೊಳ್ಳಿ. ಬಳಸಿದ ಪ್ಯಾಡನ್ನು ಹಾದಿಯ ಶೌಚಾಲಯಕ್ಕೆ ಹಾಕುವಂತಿಲ್ಲ, ಹೂಳುವಂತೆಯೂ ಇಲ್ಲ, ವಾಪಸ್ ಮೇಲೆ ತರಬೇಕು. ಚೀಲದ ಹೊರಗೆ ಒಂದು ಕಾಗದ ಸುತ್ತಿದರೆ ನಿಮಗೂ ಮುಜುಗರವಿಲ್ಲ.

ಬಟ್ಟೆಗೆ ವಿಶೇಷವೇನೂ ಕೊಳ್ಳಬೇಡಿ. ತಿಳಿ ಬಣ್ಣದ ಉದ್ದ ತೋಳಿನ ಹತ್ತಿ ಬಟ್ಟೆ, ಅಗಲ ಅಂಚಿನ ಟೋಪಿ. ಹಳೆಯ ಹತ್ತಿ ದುಪಟ್ಟಾವೊಂದನ್ನು ನೆನೆಸಿ ಕುತ್ತಿಗೆಗೆ ಸುತ್ತಿಕೊಂಡರೆ ಬಿಸಿಲಿನಲ್ಲಿ ಅದಕ್ಕಿಂತ ತಂಪು ಇನ್ನೊಂದಿಲ್ಲ. ಚಳಿಗಾಲಕ್ಕೆ ಮಾತ್ರ ಹತ್ತಿ ಬೇಡ, ಒದ್ದೆಯಾದರೆ ಮೈ ನಡುಗುತ್ತದೆ. ಬ್ಯಾಗಿನಲ್ಲಿ ತಲೆಗೆ ಕಟ್ಟುವ ಟಾರ್ಚ್, ಒಂದು ಸೀಟಿ ಇರಲಿ. ತೊಂದರೆಯಾದರೆ ಹಾದಿ ಬಿಟ್ಟು ಕದಲದೆ ಮೂರು ಮೂರು ಸಲ ಊದಿ, ಸಹಾಯ ಬೇಕೆಂಬ ಸಂಜ್ಞೆ ಅದು. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಈಚಿನ ಕೆಲವು ಫೋನುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯವಿದೆ, ನಿಮ್ಮದರಲ್ಲಿ ಇದೆಯೇ, ಹೇಗೆ ಬಳಸುವುದು ಎಂಬುದನ್ನು ಮನೆಯಲ್ಲೇ ಕಲಿತುಕೊಳ್ಳಿ. ಆಕಾಶ ಅಗಲವಾಗಿ ಕಾಣುವ ಕಡೆ ಮಾತ್ರ ಅದು ಕೆಲಸ ಮಾಡುತ್ತದೆ.

ಈ ಒಂದು ಕಡೆ ಒಬ್ಬರೇ ಬೇಡ

ಇಷ್ಟು ಧೈರ್ಯ ಹೇಳಿದ ಮೇಲೂ ಒಂದು ಜಾಗಕ್ಕೆ ಬೇಡ ಎನ್ನಲೇಬೇಕು. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಇಕ್ಕಟ್ಟಿನ ಕಣಿವೆಗಳು ಅಲ್ಲಿ ಬಹಳ. ಕೆಂಪು, ಕೇಸರಿ ಅಲೆಗಳ ಹಾಗೆ ಬಳುಕುವ ಗೋಡೆಗಳ ಫೋಟೋ ನೋಡಿಯೇ ಇರುತ್ತೀರಿ. ಅವುಗಳನ್ನು ಕೊರೆದದ್ದು ನೆರೆ, ಆ ನೆರೆ ಇನ್ನೂ ಬರುತ್ತಿದೆ. ತಲೆಯ ಮೇಲೆ ಆಕಾಶ ನೀಲಿಯಾಗಿದ್ದರೂ ಹತ್ತಾರು ಕಿಲೋಮೀಟರ್ ಆಚೆ ಸುರಿದ ಮಳೆ ಇಲ್ಲಿ ಗೋಡೆಯಂತೆ ನುಗ್ಗಬಹುದು. 1997ರ ಆಗಸ್ಟ್‌ನಲ್ಲಿ ಆಂಟಿಲೋಪ್ ಕ್ಯಾನಿಯನ್‌ನಲ್ಲಿ ಹನ್ನೊಂದು ಪ್ರವಾಸಿಗರು ಹೀಗೇ ಕೊಚ್ಚಿಹೋದರು. 2015ರ ಸೆಪ್ಟೆಂಬರ್‌ನಲ್ಲಿ ಝಯಾನ್ ಉದ್ಯಾನದ ಕೀಹೋಲ್ ಕಣಿವೆಯಲ್ಲಿ ಏಳು ಮಂದಿ. ಆಂಟಿಲೋಪ್‌ಗೆ ಈಗ ನವಾಹೋ ಗೈಡ್‌ಗಳ ಜೊತೆಯಲ್ಲೇ ಹೋಗಬೇಕು. ದುಡ್ಡು ಕೊಟ್ಟು ಅವರೊಂದಿಗೇ ಹೋಗಿ. ಅವರು ‘ಇವತ್ತು ಬೇಡ’ ಎಂದರೆ ವಾದ ಮಾಡಬೇಡಿ.

ಮೇಲೆ ಬಂದ ಮೇಲೆ

ಗೆಳತಿಗೆ ಸುದ್ದಿ ಕೊಟ್ಟಾಯಿತು, ಅಮ್ಮನಿಗೆ ಫೋನ್ ಆಯಿತು. ಇನ್ನು ಉಳಿದ ದಿನ ನಿಮ್ಮದೇ. ಅಂಚಿನುದ್ದಕ್ಕೂ ಬಸ್ಸಿನಲ್ಲಿ ಓಡಾಡುತ್ತಾ ಅಲ್ಲಿನ ಕಲ್ಲಿನ ಕಟ್ಟಡಗಳನ್ನು ನೋಡಿ. ಹೋಪಿ ಹೌಸ್ 1905ರದು, ಹರ್ಮಿಟ್ಸ್ ರೆಸ್ಟ್ 1914ರದು. ಪೂರ್ವದ ತುದಿಯ ಡೆಸರ್ಟ್ ವ್ಯೂನಲ್ಲಿ 1932ರಲ್ಲಿ ಕಟ್ಟಿದ ಗೋಪುರವಿದೆ. ಇವೆಲ್ಲವನ್ನೂ ವಿನ್ಯಾಸ ಮಾಡಿದವರು ಮೇರಿ ಕೋಲ್ಟರ್ ಎಂಬ ಮಹಿಳೆ. ಹೆಂಗಸರು ಕಟ್ಟಡದ ನಕ್ಷೆ ಬರೆಯುವುದು ಅಪರೂಪವಾಗಿದ್ದ ಕಾಲದಲ್ಲಿ ಕಣಿವೆಯ ಬಣ್ಣಕ್ಕೆ, ಕಲ್ಲಿಗೆ ಹೊಂದುವ ಹಾಗೆ ಕಟ್ಟಿಸಿದರು. ದೂರದಿಂದ ನೋಡಿದರೆ ಬಂಡೆ ಯಾವುದು, ಗೋಡೆ ಯಾವುದು ಎಂದೇ ತಿಳಿಯುವುದಿಲ್ಲ.

ಕೆಳಗೆ ಬೆಳ್ಳಿ ದಾರದ ಹಾಗೆ ಕಾಣುವ ಕೊಲರಾಡೋ ನದಿಯಲ್ಲಿ 1938ರಲ್ಲಿ ಎಲ್ಜಾಡಾ ಕ್ಲೋವರ್ ಮತ್ತು ಲೋಯಿಸ್ ಜಾಟರ್ ಎಂಬ ಇಬ್ಬರು ಸಸ್ಯ ವಿಜ್ಞಾನಿಗಳು ದೋಣಿಯಲ್ಲಿ ಸಾಗಿದ್ದರು. ಕಣಿವೆಯನ್ನು ನದಿಯ ಮೂಲಕ ಪೂರ್ತಿ ದಾಟಿದ ಮೊದಲ ಮಹಿಳೆಯರು ಅವರು. ಹೆಂಗಸರಿಗೆ ಇದೆಲ್ಲ ಆಗುವ ಕೆಲಸವಲ್ಲ ಎಂದವರು ಆಗಲೂ ಇದ್ದರು. ಅವರಿಬ್ಬರೂ ದಾರಿಯುದ್ದಕ್ಕೂ ಗಿಡಗಳನ್ನು ಸಂಗ್ರಹಿಸಿ ಒತ್ತಿಟ್ಟುಕೊಂಡು, ಪಟ್ಟಿ ಮಾಡಿಕೊಂಡು ಬಂದರು.

ಸೂರ್ಯಾಸ್ತ ನೋಡುವ ಆಸೆ ಇದ್ದರೆ ಅವತ್ತು ರಾತ್ರಿ ಅಲ್ಲೇ ತಂಗುವ ಹಾಗೆ ರೂಂ ಕಾದಿರಿಸಿಕೊಳ್ಳಿ. ಉದ್ಯಾನದೊಳಗೆ ತಿಂಗಳುಗಟ್ಟಲೆ ಮುಂಚೆಯೇ ಭರ್ತಿಯಾಗಿರುತ್ತದೆ, ಟೂಸಯಾನ್‌ನಲ್ಲಿ ಸಿಗಬಹುದು. ಕತ್ತಲಾದ ಮೇಲೆ ಫ್ಲ್ಯಾಗ್‌ಸ್ಟಾಫ್ ಕಡೆಗೆ ಹೊರಡಬೇಡಿ. ಬೀದಿದೀಪ ಇಲ್ಲದ ಆ ದಾರಿಯಲ್ಲಿ ಎಲ್ಕ್ ಎಂಬ, ನಮ್ಮ ಕಡವೆಗಿಂತಲೂ ದೊಡ್ಡ ಜಿಂಕೆಗಳು ದಿಢೀರನೆ ಅಡ್ಡ ಬರುತ್ತವೆ. ಒಂದು ದಾಟಿತು ಎಂದು ವೇಗ ಹೆಚ್ಚಿಸಿದರೆ, ಹಿಂದೆಯೇ ಇನ್ನೊಂದು ಇರುತ್ತದೆ.